ಎರಡು ಲಕ್ಷ ರೂಪಾಯಿ, ಒಂದು ಬೆನ್ನುಚೀಲ, ಎರಡು ಹೊತ್ತಿನ ತಾಲೀಮು: ವಿಜಯಪುರದ ಪ್ರಶ್ನೆಗೆ ಬಂದ ಅನುಭವಗಳು

ಪ್ರಶ್ನೆ, ವಿಜಯಪುರದಿಂದ

ಶಾಲೆಯ ದಿನಗಳಿಂದ ಕರಾಟೆ ಕಲಿಯುತ್ತಿದ್ದೇನೆ, ಈಗ ಕಂದು ಪಟ್ಟಿಯಲ್ಲಿದ್ದೇನೆ. ಒಂದು ನೌಕರಿ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಮೂರು ತಿಂಗಳ ಬಿಡುವು ಸಿಕ್ಕಿದೆ. ಕೂಡಿಟ್ಟ ಹಣ ಎರಡು ಲಕ್ಷ ರೂಪಾಯಿ. ಥಾಯ್ಲೆಂಡ್, ವಿಯೆಟ್ನಾಂ, ಇಂಡೋನೇಷ್ಯಾ, ಜಪಾನ್ ಸುತ್ತಿ, ಪ್ರತಿಯೊಂದು ದೇಶದಲ್ಲಿಯೂ ಅಲ್ಲಿನ ಕಾದಾಟದ ಕಲೆಯನ್ನು ಕಲಿಯಬೇಕೆಂಬ ಆಸೆ ಇದೆ. ನಮ್ಮ ಮನೆಯಲ್ಲಿ ಮಾಂಸಾಹಾರವಿಲ್ಲ. ಹೋಗಿ ಬಂದವರು ಅನುಭವ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ, ಬೆಳಗಾವಿಯ ಟಿಳಕವಾಡಿಯಿಂದ

ನಾಲ್ಕು ದೇಶಗಳ ಪಟ್ಟಿ ಪ್ರವಾಸಕ್ಕಾದರೆ ಸರಿ, ತಾಲೀಮಿಗೆ ಅದು ಹೊಂದುವುದಿಲ್ಲ. ನಿಮ್ಮಲ್ಲಿರುವ ಹಣದಲ್ಲಿ ಒಂದೇ ದೇಶದ ಒಂದೇ ಊರಿನಲ್ಲಿ, ಒಂದೇ ಗುರುವಿನ ಕೈಕೆಳಗೆ ಎರಡು ತಿಂಗಳು ನೆಮ್ಮದಿಯಿಂದ ಇರಬಹುದು. ಅದೇ ಹಣವನ್ನು ನಾಲ್ಕು ಕಡೆ ಹಂಚಿದರೆ ವಿಮಾನ, ವೀಸಾ ಮತ್ತು ದಿನಬಾಡಿಗೆಯ ಕೋಣೆಗಳೇ ಬಹುಪಾಲು ನುಂಗಿಬಿಡುತ್ತವೆ. ಪ್ರತಿ ಊರಿನಲ್ಲಿಯೂ ಮೊದಲ ವಾರದ ಮೈಕೈ ನೋವು ಇಳಿದು ಕಲಿಕೆ ಮೈಗೆ ಹತ್ತುವ ಹೊತ್ತಿಗೆ ಚೀಲ ಕಟ್ಟುವ ದಿನ ಬಂದಿರುತ್ತದೆ.

ನಾನು ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಆ ದೇಶದ ಕಾದಾಟದ ಕಲೆಯಾದ ಮುಯ್ ಥಾಯ್ ಕಲಿತವನು. ಅಲ್ಲಿ ತಿಂಗಳ ತರಬೇತಿ ಶುಲ್ಕ ಸಾಮಾನ್ಯವಾಗಿ 8,000ದಿಂದ 12,000 ಬಾತ್, ಸಾದಾ ಕೋಣೆಗೆ 5,000ದಿಂದ 8,000 ಬಾತ್, ಬೀದಿಬದಿಯ ಅಂಗಡಿಗಳಲ್ಲಿ ಉಂಡರೆ ಊಟಕ್ಕೆ ಸುಮಾರು 7,000 ಬಾತ್ ಬೀಳುತ್ತದೆ. ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 50,000ದಿಂದ 81,000 ರೂಪಾಯಿ ಆಗುತ್ತದೆ. ಎರಡು ತಿಂಗಳ ಖರ್ಚು, ಹೋಗಿಬರುವ ವಿಮಾನ, ವಿಮೆ, ಕೈಗವಸು ಇತ್ಯಾದಿ ಸೇರಿದರೆ ನಿಮ್ಮ ಎರಡು ಲಕ್ಷಕ್ಕೆ ಸರಿಹೋಗುತ್ತದೆ. ಮೂರನೆಯ ತಿಂಗಳನ್ನು ಊರಿನಲ್ಲಿ ಕಳೆಯಿರಿ. ಶುಲ್ಕವನ್ನು ತಿಂಗಳ ಲೆಕ್ಕದಲ್ಲಿ ಕೊಡುವುದರಲ್ಲಿಯೇ ಉಳಿತಾಯವಿದೆ. ಒಂದೊಂದು ಹೊತ್ತಿಗೆ ಬಿಡಿಯಾಗಿ 300ರಿಂದ 500 ಬಾತ್ ಕೊಡುತ್ತ ಹೋದರೆ ಮೂರೇ ವಾರದಲ್ಲಿ ತಿಂಗಳ ಶುಲ್ಕವನ್ನು ದಾಟುತ್ತೀರಿ. ಫುಕೆಟ್‌ನ ಚಲೋಂಗ್ ಭಾಗದಲ್ಲಿ ಒಂದು ಇಡೀ ರಸ್ತೆಯೇ ಇಂಥ ತರಬೇತಿ ಕೇಂದ್ರಗಳಿಂದ ತುಂಬಿದೆ, ಹೆಸರೂ ದೊಡ್ಡದು. ಆದರೆ ಅಲ್ಲಿನ ದರ ಪ್ರವಾಸಿಗಳ ದರ.

ಬೆಳಿಗ್ಗೆ ಆರಕ್ಕೆ ಓಟ. ಆಮೇಲೆ ಹಗ್ಗದಾಟ, ಎದುರಾಳಿಯಿಲ್ಲದೆ ಮಾಡುವ ಅಭ್ಯಾಸ, ಗುರು ಹಿಡಿದ ಪ್ಯಾಡ್‌ಗೆ ಹೊಡೆತ, ತೂಗುಚೀಲ, ಕುತ್ತಿಗೆ ಹಿಡಿದು ಸೆಣಸುವ ಕ್ಲಿಂಚ್. ಸಂಜೆ ನಾಲ್ಕಕ್ಕೆ ಮತ್ತೆ ಅದೇ ಕ್ರಮ. ಭಾನುವಾರ ರಜೆ. ಹೊಸಬರು ಮೊದಲ ವಾರ ದಿನಕ್ಕೆ ಒಂದೇ ಹೊತ್ತು ಹೋಗುವುದು ಲೇಸು. ಹುರುಪಿನಿಂದ ಎರಡೂ ಹೊತ್ತು ಹೋದವರು ನಾಲ್ಕನೆಯ ದಿನ ಮೆಟ್ಟಿಲು ಇಳಿಯಲಾಗದೆ ಗೋಡೆ ಹಿಡಿದು ನಡೆಯುವುದನ್ನು ನೋಡಿದ್ದೇನೆ. ವಿಜಯಪುರದ ಒಣ ಬಿಸಿಲಿಗೆ ಒಗ್ಗಿದವರಿಗೂ ಅಲ್ಲಿನ ಹಸಿ ಸೆಕೆ ಹೊಸದು. ಬೆವರು ಆರುವುದೇ ಇಲ್ಲ, ಆದ್ದರಿಂದ ಓಆರ್‌ಎಸ್ ಪೊಟ್ಟಣಗಳು ಚೀಲದಲ್ಲಿರಲಿ.

ಕರಾಟೆ ಕಲಿತವರಿಗಾಗಿ ಒಂದು ಮಾತು. ನಾವು ಕಾಲು ಅಗಲಿಸಿ, ಮುಂಗಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತೇವೆ. ಮೊದಲ ದಿನ ಪ್ಯಾಡ್ ಹಿಡಿದಿದ್ದ ಗುರು ಮಾತೇ ಆಡದೆ ತಮ್ಮ ಕಾಲಿನಿಂದ ನನ್ನ ಮುಂಗಾಲಿನ ಮೀನಖಂಡವನ್ನು ಮೆಲ್ಲಗೆ ತಟ್ಟಿದರು. ನಿಲುವು ಬದಲಾಗದಿದ್ದಾಗ ಇನ್ನೊಮ್ಮೆ ತಟ್ಟಿದರು. ಅದರ ಮುಂದಿನ ತಟ್ಟು ತಟ್ಟಾಗಿರಲಿಲ್ಲ. ಮುಂಗಾಲು ಹಗುರವಾಗಿದ್ದರೆ ಮಾತ್ರ ಅದನ್ನು ಚಟ್ಟನೆ ಎತ್ತಿ, ಬರುವ ಒದೆತವನ್ನು ಮೊಳಕಾಲಿನ ಕೆಳಗಿನ ಎಲುಬಿನಿಂದ ತಡೆಯಲು ಸಾಧ್ಯ. ಒದೆಯುವುದೂ ಅದೇ ಎಲುಬಿನಿಂದ, ಪಾದದಿಂದಲ್ಲ. ಈ ಎರಡು ಅಭ್ಯಾಸಗಳನ್ನು ಬಿಡಿಸಿಕೊಳ್ಳಲು ನನಗೆ ಅಲ್ಲಿದ್ದ ಕಾಲದ ಅರ್ಧ ಭಾಗ ಹಿಡಿಯಿತು. ಹತ್ತು ದಿನಕ್ಕೊಂದು ಕಲೆ ಎಂಬ ಯೋಜನೆಯನ್ನು ನಾನು ಒಪ್ಪದಿರುವುದು ಇದರಿಂದಲೇ. ವಿಯೆಟ್ನಾಂನಲ್ಲಿ 1938ರಲ್ಲಿ ಹುಟ್ಟಿದ ವೊವಿನಾಮ್ ಆಗಲಿ, 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಇಂಡೋನೇಷ್ಯಾದ ಪೆಂಚಾಕ್ ಸಿಲಾಟ್ ಆಗಲಿ ಮೂಲತಃ ಊರಿನ ಮಕ್ಕಳು ವರ್ಷಗಟ್ಟಲೆ ಬಂದು ಕಲಿಯುವ ವಿದ್ಯೆಗಳು. ಹಾದುಹೋಗುವವರಿಗೆ ಅವುಗಳ ವರಸೆ ಸಿಗಬಹುದು, ಒಳಗುಟ್ಟು ಸಿಗುವುದಿಲ್ಲ.

ವೀಸಾದ ವಿಷಯ: ಥಾಯ್ಲೆಂಡ್ 2024ರ ಜುಲೈಯಲ್ಲಿ ಭಾರತೀಯ ಪ್ರವಾಸಿಗಳ ವೀಸಾರಹಿತ ವಾಸವನ್ನು 60 ದಿನಗಳಿಗೆ ಹೆಚ್ಚಿಸಿತು. ಆಮೇಲೆ ಈ ನಿಯಮ ಬದಲಾಗಿರಬಹುದಾದ್ದರಿಂದ ಟಿಕೆಟ್ ಕೊಳ್ಳುವ ಮುನ್ನ ಆ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ನೋಡಿರಿ, ಯಾರ ಮಾತನ್ನೂ, ನನ್ನ ಮಾತನ್ನೂ, ನಂಬಬೇಡಿ. 2025ರ ಮೇ ತಿಂಗಳಿಂದ ಆಗಮನದ ಚೀಟಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ತುಂಬಬೇಕಾಗಿದೆ. ಅದು ಉಚಿತ, ಹಣ ಕೇಳುವ ಜಾಲತಾಣ ನಕಲಿ. ಮುಯ್ ಥಾಯ್ ಕಲಿಯುವವರಿಗೂ ಅನ್ವಯವಾಗುವ ಡಿಟಿವಿ ಎಂಬ ಐದು ವರ್ಷದ ವೀಸಾ ಇದೆಯಾದರೂ ಅದಕ್ಕೆ 5 ಲಕ್ಷ ಬಾತ್ ಉಳಿತಾಯ ತೋರಿಸಬೇಕು. ನಿಮಗೆ ಅದು ಬೇಡ.

ಉತ್ತರ, ಜಮಖಂಡಿಯಿಂದ

ಮೇಲಿನವರ ಸಲಹೆಯ ಬಹುಭಾಗ ಒಪ್ಪುತ್ತೇನೆ, ಆದರೆ ಎರಡು ತಿಂಗಳೂ ಒಂದೇ ಕಡೆ ಕೂರಬೇಕೆಂಬುದನ್ನು ಒಪ್ಪುವುದಿಲ್ಲ. ಗರಡಿಯಲ್ಲಿ ಬೆಳೆದವನ ಅನುಭವ ಹೇಳುವುದಾದರೆ, ಬೇರೆ ಬೇರೆ ಜೋಡುಗಳ ಕೈ ನೋಡದೆ ಪೈಲ್ವಾನ ಪಳಗುವುದಿಲ್ಲ. ನಮ್ಮ ಉಸ್ತಾದರು ಕೊಲ್ಹಾಪುರದ ಖಾಸಬಾಗ್ ಮೈದಾನಕ್ಕೆ ಕರೆದೊಯ್ಯುತ್ತಿದ್ದುದು ಅದಕ್ಕಾಗಿಯೇ. ಐದಾರು ವಾರ ಒಂದು ಕಡೆ ಬುನಾದಿ ಹಾಕಿಕೊಂಡು, ಕೊನೆಯ ಎರಡು ವಾರ ರಾತ್ರಿ ರೈಲು ಹಿಡಿದು ಬ್ಯಾಂಕಾಕ್‌ಗೆ ಹೋಗಿ ಬೇರೆ ಕೇಂದ್ರವೊಂದರಲ್ಲಿ ಸೆಣಸಿ ನೋಡಬೇಕು. 1945ರಿಂದ ನಡೆಯುತ್ತಿರುವ ರಾಜಾದಮ್ನೆರ್ನ್ ಕ್ರೀಡಾಂಗಣದಲ್ಲಿ ಒಂದು ರಾತ್ರಿಯ ಪಂದ್ಯಗಳನ್ನು ಟಿಕೆಟ್ ಕೊಂಡು ನೋಡಿದರೂ ಹಣ ದಂಡವಾಗುವುದಿಲ್ಲ. ಪಂದ್ಯಕ್ಕೆ ಮುನ್ನ ಗುರುವಂದನೆಯಾಗಿ ಮಾಡುವ ವಾಯ್ ಕ್ರು ನೃತ್ಯ ಮತ್ತು ಹೊಡೆದಾಟ ಬಿಸಿಯೇರಿದಂತೆ ವೇಗ ಹೆಚ್ಚಿಸುವ ವಾದ್ಯ, ಇವೆರಡನ್ನೂ ನಮ್ಮ ಹಲಗೆಯ ಸದ್ದಿನಲ್ಲಿ ಕುಸ್ತಿ ನೋಡಿದವರು ಕೂಡಲೇ ಗುರುತಿಸುತ್ತಾರೆ.

ಕುಸ್ತಿಯ ಕುತ್ತಿಗೆಬಲ ಕ್ಲಿಂಚ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಬಗ್ಗಿ ಕಾಲಿಗೆ ಕೈ ಹಾಕುವಂತಿಲ್ಲ, ಅಭ್ಯಾಸಬಲದಿಂದ ಬಗ್ಗಿದರೆ ಮುಖಕ್ಕೆ ಮೊಳಕಾಲು ಕಾದಿರುತ್ತದೆ. ಮತ್ತೊಂದು ವಿಷಯ: ಅಲ್ಲಿನವರ ಅಭ್ಯಾಸದ ಕಾದಾಟ ಬಹಳ ಹಗುರ, ಆಟದಂತೆ. ಅವರು ವೃತ್ತಿಯವರು, ಪಂದ್ಯವಾಡಿಯೇ ಹೊಟ್ಟೆ ಹೊರೆಯಬೇಕು, ಅಭ್ಯಾಸದಲ್ಲಿ ಗಾಯವಾದರೆ ಗಳಿಕೆ ನಿಲ್ಲುತ್ತದೆ. ಊರಿನ ಹುರುಪು ತೋರಿಸಲು ಹೋಗಿ ಜೋರಾಗಿ ಹೊಡೆದರೆ ಯಾರೂ ಬೈಯುವುದಿಲ್ಲ, ಮರುದಿನದಿಂದ ಜೋಡಿಯಾಗಿ ನಿಲ್ಲುವವರು ಸಿಗುವುದಿಲ್ಲ. ಕೆಲವು ಕಡೆ ಹೊಸಬರನ್ನು ಬೇಗನೆ ಪಂದ್ಯಕ್ಕೆ ಇಳಿಸಲು ಪುಸಲಾಯಿಸುತ್ತಾರೆ. ಎದುರಾಳಿ ಯಾರು, ತೂಕವೆಷ್ಟು, ಎಷ್ಟು ಪಂದ್ಯ ಆಡಿದ್ದಾನೆ ಎಂಬುದಕ್ಕೆ ನೇರ ಉತ್ತರ ಬಾರದಿದ್ದರೆ ಕೈಮುಗಿದು ಹಿಂದೆ ಸರಿಯಿರಿ. ಪ್ರವಾಸಿಯಾಗಿ ಬಂದವರು ಹಣ ಪಡೆದು ಆಡಿದರೆ ಅದನ್ನು ಅನುಮತಿಯಿಲ್ಲದ ದುಡಿಮೆ ಎಂದು ಪರಿಗಣಿಸುವ ಅಪಾಯವೂ ಇದೆ.

ಉತ್ತರ, ಬೆಳಗಾವಿಯ ಶಹಾಪುರದಿಂದ

ನಾನು ಜುಡೊ ಆಡುವವಳು, ಟೋಕಿಯೊದ ಕೊಡೊಕಾನ್‌ನಲ್ಲಿ ಕೆಲಕಾಲ ಅಭ್ಯಾಸ ಮಾಡಿದ್ದೇನೆ. ಜುಡೊದ ಜನಕ ಕಾನೊ ಜಿಗೊರೊ ಅವರು 1882ರಲ್ಲಿ ಒಂದು ಬೌದ್ಧ ದೇವಾಲಯದ 12 ಚಾಪೆಗಳ ಜಾಗದಲ್ಲಿ ಆರಂಭಿಸಿದ ಸಂಸ್ಥೆಯ ಮುಖ್ಯ ಅಂಗಳದಲ್ಲಿ ಇಂದು 420 ಚಾಪೆಗಳಿವೆ. ಹೊರದೇಶದವರೂ ನೋಂದಾಯಿಸಿಕೊಂಡು ಸಂಜೆಯ ಅಭ್ಯಾಸಕ್ಕೆ ಇಳಿಯಬಹುದು. ನಿಮ್ಮ ಅಜ್ಜನ ವಯಸ್ಸಿನವರು ನಗುತ್ತ ಬಂದು ನಿಮ್ಮನ್ನು ನೆಲಕ್ಕೆ ಕೆಡವಿ, ನಗುತ್ತಲೇ ವಂದಿಸಿ ಹೋಗುತ್ತಾರೆ. ಅಭ್ಯಾಸದ ಶುಲ್ಕ ಅಲ್ಲಿ ದೊಡ್ಡ ಹೊರೆಯಲ್ಲ, ಕೈ ಕಚ್ಚುವುದು ಕೋಣೆ ಮತ್ತು ರೈಲು. ಭಾರತೀಯರಿಗೆ ಮುಂಚಿತವಾಗಿ ವೀಸಾ ಬೇಕು, ಬ್ಯಾಂಕಿನ ಲೆಕ್ಕ ತೋರಿಸಬೇಕು. ಎರಡು ಲಕ್ಷದ ಯಾತ್ರೆಗೆ ಜಪಾನನ್ನು ಸೇರಿಸಬೇಡಿ, ಅದಕ್ಕೆಂದೇ ಬೇರೆ ವರ್ಷ ಹಣ ಕೂಡಿಸಿರಿ. ಕರಾಟೆಯವರಾದ ನಿಮಗೆ ಟೋಕಿಯೊಗಿಂತ ಕರಾಟೆಯ ತವರಾದ ಓಕಿನಾವಾ ಹೆಚ್ಚು ಹೊಂದುತ್ತದೆ. ಅಲ್ಲಿ 2017ರಲ್ಲಿ ಆರಂಭವಾದ ಕರಾಟೆ ಕೈಕಾನ್ ಎಂಬ ಕೇಂದ್ರ ಹೊರಗಿನವರಿಗೆ ಮೊದಲ ಬಾಗಿಲು.

ಈ ಪ್ರಶ್ನೆಯನ್ನು ಹೆಣ್ಣುಮಕ್ಕಳೂ ಓದುತ್ತಿರುವುದರಿಂದ ಇದನ್ನೂ ಸೇರಿಸುತ್ತೇನೆ. ಥಾಯ್ಲೆಂಡಿನ ಸಂಪ್ರದಾಯಬದ್ಧ ಕೇಂದ್ರಗಳಲ್ಲಿ ಹೆಂಗಸರು ಅಖಾಡದ ಹಗ್ಗವನ್ನು ದಾಟದೆ ಕೆಳಗಿನ ಹಗ್ಗದ ಅಡಿಯಿಂದ ನುಸುಳಿ ಒಳಬರಬೇಕೆಂಬ ಕಟ್ಟುಪಾಡು ಇನ್ನೂ ಇದೆ. ಬ್ಯಾಂಕಾಕ್‌ನ ಲುಂಪಿನಿ ಕ್ರೀಡಾಂಗಣದಲ್ಲಿ ಹೆಂಗಸರ ಪಂದ್ಯ ಮೊದಲ ಬಾರಿಗೆ ನಡೆದದ್ದು 2021ರ ನವೆಂಬರ್‌ನಲ್ಲಿ. ಇದನ್ನು ಸಹಿಸುವುದೋ ಬಿಡುವುದೋ ಅವರವರ ನಿರ್ಧಾರ; ನನಗಂತೂ ಹಿಡಿಸಲಿಲ್ಲ. ತಿಂಗಳ ಹಣ ಕಟ್ಟುವ ಮೊದಲು ಒಂದು ಸಂಜೆ ಸುಮ್ಮನೆ ಕುಳಿತು ನೋಡಿರಿ: ದಿನವೂ ಬರುವ ಹೆಂಗಸರಿದ್ದಾರೆಯೇ, ಕ್ಲಿಂಚ್‌ಗೆ ಅವರಿಗೆ ಜೋಡಿ ಸಿಗುತ್ತದೆಯೇ, ಗುರುಗಳು ಅವರ ಪ್ಯಾಡ್ ಹಿಡಿಯುವಾಗ ಗಮನ ಕೊಡುತ್ತಾರೆಯೇ.

ಉತ್ತರ, ಬಾಗಲಕೋಟೆಯ ನವನಗರದಿಂದ

ಊಟದ ಚಿಂತೆ ಬೇಡ, ಆದರೆ ಎಚ್ಚರ ಬೇಕು. ಸೊಪ್ಪಿನ ಪಲ್ಯದಲ್ಲಿಯೂ ಮೀನಿನ ರಸ ಬೀಳುತ್ತದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಇರುವುದಿಲ್ಲ, ಬೆಳ್ಳುಳ್ಳಿಯೂ ಇರುವುದಿಲ್ಲ. ಆ ಗುರುತಿನ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ತೋರಿಸಿದರೆ ಸಾಕು. ತೋಫು, ಸೋಯಾ ಹಾಲು, ಬಾಳೆಹಣ್ಣು ಎಲ್ಲೆಡೆ ಸಿಗುತ್ತವೆ. ನಾನು ಒಯ್ದದ್ದು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುವುದರಿಂದ ಬೆಳಗಿನ ತಾಲೀಮಿನ ನಂತರ ಡಬ್ಬಿಯ ಪುಡಿ ಕೊಳ್ಳುವ ಪ್ರಸಂಗ ಬರಲಿಲ್ಲ. ರೊಟ್ಟಿಯನ್ನು ಮಾತ್ರ ಗಾಳಿಯಾಡದಂತೆ ಕಟ್ಟಿರಿ, ಅಲ್ಲಿನ ಹಸಿ ಹವೆಗೆ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ.

ಉತ್ತರ, ಬೆಳಗಾವಿಯ ಒಬ್ಬ ವೈದ್ಯರಿಂದ

ಕಾದಾಟದ ತರಬೇತಿಗೆ ಹೋಗಿ ಬಂದ ಯುವಕರನ್ನು ನೋಡುತ್ತಿರುವುದರಿಂದ ಬರೆಯುತ್ತಿದ್ದೇನೆ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಕಾದಾಟದ ಕ್ರೀಡೆಗಳಿಂದಾದ ಗಾಯಕ್ಕೆ ಪರಿಹಾರವಿಲ್ಲವೆಂಬ ಷರತ್ತು ಬಹುಮಟ್ಟಿಗೆ ಇದ್ದೇ ಇರುತ್ತದೆ. ಕೊಳ್ಳುವ ಮೊದಲು ಹೊರತುಪಡಿಸಿದ ವಿಷಯಗಳ ಪುಟವನ್ನು ಓದಿ, ತರಬೇತಿಯನ್ನು ಒಳಗೊಳ್ಳುವ ಪಾಲಿಸಿಯನ್ನೇ ಆರಿಸಿರಿ. ಅಲ್ಲಿ ಗಾಯಗಳು ಆಗುವುದು ಅಖಾಡದಲ್ಲಿ ಮಾತ್ರವಲ್ಲ, ಬಾಡಿಗೆ ಸ್ಕೂಟರ್‌ನಿಂದಲೂ. ದ್ವಿಚಕ್ರ ವಾಹನಕ್ಕೂ ಅನ್ವಯಿಸುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಿಮ್ಮ ಆರ್‌ಟಿಒ ಕಚೇರಿಯಿಂದ ಪಡೆಯದೆ ಸ್ಕೂಟರ್ ಓಡಿಸಿದರೆ ವಿಮೆಯ ಹಣ ಸಿಗುವುದಿಲ್ಲ.

ಮೊಳಕಾಲಿನ ನೋವಿಗೆಂದು ಬಹಳಷ್ಟು ಜನ ಬ್ರೂಫೆನ್ ಗುಳಿಗೆ ನುಂಗುತ್ತಿರುತ್ತಾರೆ. ಆ ಭಾಗದಲ್ಲಿ ಡೆಂಗ್ಯೂ ಸಾಮಾನ್ಯ. ಜ್ವರ ಬಂದ ಕೂಡಲೇ ಆ ಗುಳಿಗೆ ಮತ್ತು ಆಸ್ಪಿರಿನ್ ನಿಲ್ಲಿಸಬೇಕು, ಏಕೆಂದರೆ ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಸಾಕು, ರಕ್ತಪರೀಕ್ಷೆ ಮಾಡಿಸಿರಿ. ಚಾಪೆಯಿಂದ ಹತ್ತುವ ಗಜಕರ್ಣಕ್ಕೆ ಇಲ್ಲಿನ ಅಂಗಡಿಗಳಲ್ಲಿ ಕೇಳಿದೊಡನೆ ಕೊಡುವ, ಸ್ಟಿರಾಯ್ಡ್ ಬೆರೆತ ಮುಲಾಮು ಒಯ್ಯಬೇಡಿ. ತುರಿಕೆ ತಕ್ಷಣ ಇಳಿಯುತ್ತದೆ, ಸೋಂಕು ಮಾತ್ರ ಹರಡುತ್ತದೆ. ಹಲ್ಲಿನ ಕವಚವನ್ನು ಇಲ್ಲಿಯೇ ದಂತವೈದ್ಯರಿಂದ ಅಳತೆಗೆ ಮಾಡಿಸಿಕೊಳ್ಳಿರಿ. ಕೈಗವಸು ಅಲ್ಲಿಯೇ ಕೊಳ್ಳಬಹುದು, ವಿಮಾನದೊಳಗೆ ಒಯ್ಯುವ 7 ಕಿಲೋ ಮಿತಿಯ ಚೀಲದಲ್ಲಿ ಅದಕ್ಕೆ ಜಾಗವೂ ಇರುವುದಿಲ್ಲ.

ಉತ್ತರ, ಇಂಡಿಯಿಂದ

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಮುದ್ರೆ, ಅಂದರೆ ಕೆಲವು ದೇಶಗಳಿಗೆ ದುಡಿಯಲು ಹೋಗುವ ಮುನ್ನ ಸರ್ಕಾರದ ಅನುಮತಿ ಬೇಕೆಂಬ ಗುರುತು, ಇರುತ್ತದೆ. ನಮ್ಮ ಗರಡಿಯ ಹುಡುಗರಲ್ಲಿ ಇದು ಅಪರೂಪವಲ್ಲ. ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾಗಳು ದುಡಿಯಲು ಹೋಗುವವರಿಗೆ ಅನುಮತಿ ಬೇಕಾದ ದೇಶಗಳ ಪಟ್ಟಿಯಲ್ಲಿವೆ. ಪ್ರವಾಸಕ್ಕೆ ಆ ಅನುಮತಿ ಬೇಕಿಲ್ಲ, ಆದರೆ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಹೆಚ್ಚು ಪ್ರಶ್ನೆ ಕೇಳುತ್ತಾರೆ. ಕೆಲಸ ಕೊಡಿಸುವುದಾಗಿ ಥಾಯ್ಲೆಂಡಿಗೆ ಕರೆದೊಯ್ದು ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆಯ ಕೂಟಗಳಲ್ಲಿ ಭಾರತೀಯರನ್ನು ಕೂಡಿಹಾಕಿದ ಪ್ರಕರಣಗಳಿರುವುದರಿಂದ ಅವರ ಅನುಮಾನ ತಪ್ಪಲ್ಲ. ಮರಳುವ ಟಿಕೆಟ್, ಕೋಣೆಯ ಮುಂಗಡ, ತರಬೇತಿ ಕೇಂದ್ರದ ಪತ್ರ, ಬ್ಯಾಂಕಿನ ಲೆಕ್ಕ ಇವು ಕಾಗದದಲ್ಲಿಯೇ ಕೈಯಲ್ಲಿರಲಿ. ‘ತರಬೇತಿ ಪುಕ್ಕಟೆ, ಬದಲಿಗೆ ಸ್ವಲ್ಪ ಕಂಪ್ಯೂಟರ್ ಕೆಲಸ’ ಎನ್ನುವ ಆಮಂತ್ರಣ ಬಂದರೆ ಉತ್ತರವನ್ನೇ ಬರೆಯಬೇಡಿ.

ಮರುಪ್ರಶ್ನೆ, ವಿಜಯಪುರದಿಂದ

ಎಲ್ಲರಿಗೂ ಕೃತಜ್ಞತೆಗಳು. ಜಪಾನ್ ಮತ್ತು ಇಂಡೋನೇಷ್ಯಾ ಕೈಬಿಟ್ಟೆ. ವಿಯೆಟ್ನಾಂ ಬಗ್ಗೆ ಮನಸ್ಸು ಇನ್ನೂ ಎಳೆಯುತ್ತಿದೆ. ನನ್ನ ಬಿಡುವು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಚಿಯಾಂಗ್ ಮಾಯ್ ಆ ಕಾಲಕ್ಕೆ ಸರಿಯೇ?

ಉತ್ತರ, ಟಿಳಕವಾಡಿಯಿಂದ

ಆ ತಿಂಗಳುಗಳಲ್ಲಿ ಚಿಯಾಂಗ್ ಮಾಯ್ ಬೇಡ. ಹೊಲದ ಕೂಳೆ ಮತ್ತು ಕಾಡಿನ ಬೆಂಕಿಯ ಹೊಗೆ ಬೆಟ್ಟಗಳ ನಡುವೆ ನಿಂತುಬಿಡುತ್ತದೆ. ಮಾರ್ಚ್‌ನಲ್ಲಿ ಬೆಳಗಿನ ಓಟವೇ ಎದೆಗೆ ಕುತ್ತು. ಈಶಾನ್ಯದ ಇಸಾನ್ ಭಾಗದಲ್ಲಿಯೂ ಆ ದಿನಗಳಲ್ಲಿ ಹೊಗೆ ಇರುತ್ತದೆ, ಹಾಗಾಗಿ ದಕ್ಷಿಣದ ಸಣ್ಣ ಊರುಗಳಲ್ಲಿ ವಿಚಾರಿಸಿರಿ. ಖರ್ಚು ಸ್ವಲ್ಪ ಏರುತ್ತದೆ, ಉಸಿರಾಟ ಸುಸೂತ್ರವಾಗಿರುತ್ತದೆ. ನೌಕರಿಗೆ ಸೇರುವ ದಿನವನ್ನು ಮುಂದೂಡಲು ಸಾಧ್ಯವಿದ್ದರೆ ಜೂನ್ ನಂತರ ಉತ್ತರಕ್ಕೇ ಹೋಗಿರಿ: ಮಳೆಗಾಲದಲ್ಲಿ ಪ್ರವಾಸಿಗಳು ಕಡಿಮೆ, ತಾಲೀಮು ಹೇಗೂ ಸೂರಿನಡಿ ನಡೆಯುತ್ತದೆ, ಕೋಣೆಯ ಬಾಡಿಗೆಯಲ್ಲಿ ಚೌಕಾಸಿಗೂ ಅವಕಾಶವಿರುತ್ತದೆ. ಏಪ್ರಿಲ್‌ನಲ್ಲಿಯೇ ಅಲ್ಲಿರುವುದಾದರೆ 13ರಿಂದ 15ರವರೆಗೆ ಸೊಂಗ್‌ಕ್ರಾನ್ ಹೊಸವರ್ಷ. ಆಗ ಕೇಂದ್ರಗಳು ಮುಚ್ಚುತ್ತವೆ, ಬಸ್ಸು ರೈಲುಗಳು ತುಂಬಿರುತ್ತವೆ. ತಿಂಗಳ ಶುಲ್ಕ ಕಟ್ಟುವಾಗ ಆ ದಿನಗಳನ್ನು ಮುಂದಕ್ಕೆ ಸೇರಿಸಿಕೊಡುತ್ತಾರೆಯೇ ಎಂದು ಕೇಳಿಕೊಳ್ಳಿರಿ.