‘ಮಾಯಿಶ್ಚರೈಸರ್’: ತೇವವೋ, ಪಸೆಯೋ?

ಎಲ್ಲರಿಗೂ ನಮಸ್ಕಾರ.

ಚರ್ಮ ತೀರಾ ಒಣಗಿ ಕಷ್ಟಪಡುವವರಿಗಾಗಿ ಒಂದು ಪುಟದ ಮಾಹಿತಿ ಬರೆಯುತ್ತಿದ್ದೇನೆ. ‘ಮಾಯಿಶ್ಚರೈಸರ್’ಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವಲ್ಲಿ ಬಂದು ನಿಂತುಬಿಟ್ಟಿದ್ದೇನೆ. ‘ತೇವಕಾರಕ’ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಅದಕ್ಕೆ ಕಾರಣ ನಮ್ಮ ಅಮ್ಮ.

ಕಾಲಿನ ಚರ್ಮ ಒಣಗಿದೆ, ತೇವ ಬೇಕು ಅಂತ ಅವರಿಗೆ ಯಾರೋ ಹೇಳಿದ್ದರು. ಒಣಗಿದ್ದಕ್ಕೆ ನೀರು ತಾನೇ ಬೇಕು? ಅಮ್ಮ ದಿನಕ್ಕೆ ನಾಲ್ಕೈದು ಸಲ ಸೋಪು ಹಚ್ಚಿ ಕಾಲು ತೊಳೆಯತೊಡಗಿದರು. ಬಿರುಕು ಜಾಸ್ತಿಯಾಗಿ ರಕ್ತ ಬಂತು. ಆ ಪದವೇ ಅವರ ದಾರಿ ತಪ್ಪಿಸಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಚರ್ಮದ ಮೇಲ್ಪದರದ ಜೀವಕೋಶಗಳ ನಡುವೆ ಸಹಜವಾಗಿಯೇ ಒಂದು ಜಿಡ್ಡು ಇರುತ್ತದೆ. ಒಳಗಿನ ನೀರು ಆರಿಹೋಗದಂತೆ ತಡೆಯುವುದು ಅದೇ. ಬಿಸಿನೀರು, ಸೋಪು ಅದನ್ನು ತೊಳೆದುಬಿಡುತ್ತವೆ. ಆಮೇಲೆ ಎಷ್ಟು ನೀರು ಸುರಿದರೂ ನಿಲ್ಲುವುದಿಲ್ಲ. ಮುಲಾಮಿನಲ್ಲಿರುವ ಗ್ಲಿಸರಿನ್, ಯೂರಿಯಾ ನೀರನ್ನು ಹಿಡಿದಿಡುತ್ತವೆ. ಪೆಟ್ರೋಲಿಯಂ ಜೆಲ್ಲಿಯಂತೂ ತಾನಾಗಿ ತೇವ ಕೊಡುವುದೇ ಇಲ್ಲ. ಸುಮ್ನೆ ಮೇಲೆ ಮುಚ್ಚಿಕೊಂಡು ಕೂರುತ್ತದೆ. ಅದಕ್ಕೇ ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿ ಇರುವಾಗಲೇ ಹಚ್ಚಿಕೊಳ್ಳಬೇಕು. ‘ತೇವಕಾರಕ’ದಲ್ಲಿ ಈ ಕಾಯುವ ಕೆಲಸ ಎಲ್ಲಿದೆ?

ನನಗೆ ‘ಪಸೆ’ ಹಿಡಿಸಿದೆ. ಬಾಯಿಯ ಪಸೆ ಆರಿತು ಅನ್ನುತ್ತೇವೆ, ಅಲ್ವಾ? ಅದು ಒಳಗೇ ಇದ್ದು, ಕಾಪಾಡಿಕೊಳ್ಳಬೇಕಾದ ತೇವ. ‘ಪಸೆ ಕಾಯುವ ಮುಲಾಮು’ ಸ್ವಲ್ಪ ಉದ್ದವಾಯಿತು. ‘ಪಸೆಗಾಪು’ ಅಂದರೆ ಮೊದಲ ಸಲ ಓದುವವರಿಗೆ ತಿಳಿಯುತ್ತದಾ? ‘ಶುಷ್ಕ ಚರ್ಮ’ ಅನ್ನುವುದನ್ನಂತೂ ಬಿಟ್ಟಿದ್ದೇನೆ. ‘ಮೈ ಒಡೆದಿದೆ’, ‘ಹಿಮ್ಮಡಿ ಬಿರಿದಿದೆ’ ಅಂದರೆ ಉರಿ ಕೂಡ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು ಪದದ ಬಗ್ಗೆಯೂ ನಿಮ್ಮ ಮಾತು ಬೇಕು. ಒಣ ಚರ್ಮದ ಮೇಲೆ ಏಳುವುದಕ್ಕೆ ‘ಹುರುಪೆ’ ಅಂತ ಬರೆದಿದ್ದೆ. ಮೀನಿನ ಮೈಮೇಲಿರುವುದಕ್ಕೂ ಇದೇ ಪದ. ಚರ್ಮ ತೀರಾ ಒಣಗಿ ಹುರುಪೆ ಏಳುವ, ಹೆಚ್ಚಾಗಿ ವಂಶದಲ್ಲಿ ಬರುವ ಇಕ್ಥಿಯೋಸಿಸ್ ಅನ್ನುವ ಕಾಯಿಲೆಯ ಹೆಸರೂ ಗ್ರೀಕ್ ಭಾಷೆಯ ಮೀನಿನಿಂದಲೇ ಬಂದಿದೆ. ಹಾಗಾಗಿ ಅರ್ಥ ಸರಿಯಾಗಿಯೇ ಕೂರುತ್ತದೆ. ಆದರೆ ಆ ಕಾಯಿಲೆ ಇರುವ ಮಗುವಿನ ತಾಯಿ ಈ ಪುಟ ಓದಬಹುದು. ಅವರಿಗೆ ಮೀನು ನೆನಪಾಗುವುದು ಬೇಡ. ‘ಹಕ್ಕಳೆ’ ಅನ್ನೋಣ ಅಂದರೆ, ನನ್ನ ಕಿವಿಗೆ ಅದು ಗಾಯ ಒಣಗಿದ ಮೇಲೆ ಕಟ್ಟುವಂಥದ್ದು. ತೆಳ್ಳಗೆ ಪುಡಿಪುಡಿಯಾಗಿ ಉದುರುವುದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ?