ಅಪ್‌ಡೇಟ್: 2,000 ರೂಪಾಯಿ ಒಳಗೆ ಮೀನು ಹಿಡಿಯೋ ಸ್ಪಿನ್ನಿಂಗ್ ರಾಡ್ ಕೇಳಿದ್ದೆನಲ್ಲ, ತಗೊಂಡೆ

ತೀರ್ಥಹಳ್ಳಿ ಕಡೆ ಕೆರೆಗಳಲ್ಲಿ ಕೊರವ ಮೀನು ಹಿಡಿಯೋಕೆ 2,000 ರೂಪಾಯಿ ಒಳಗೆ ಯಾವ ರಾಡ್ ಒಳ್ಳೇದು ಅಂತ ಕೇಳಿದ್ದೆ. ಸುಮಾರು ಜನ ಏಳು ಅಡಿ, ಮೀಡಿಯಂ ಪವರ್ (ತೀರಾ ಮೆದುವೂ ಅಲ್ಲ, ತೀರಾ ಗಡುಸೂ ಅಲ್ಲ), ಎರಡು ತುಂಡಿನದ್ದು ತಗೊಳ್ಳಿ, ಒಂದರೊಳಗೊಂದು ತೂರಿಸಿ ಮಡಚೋ ರಾಡ್ ಬೇಡ ಅಂದಿದ್ರಿ. ನಾನು ಮಾತು ಕೇಳಲಿಲ್ಲ. ಬೈಕಲ್ಲಿ ಒಯ್ಯೋಕೆ ಸುಲಭ ಅಂತ ಮೊದಲು ಮಡಚೋದನ್ನೇ ತಂದೆ. ಮೂರನೇ ದಿನ ಕೆಸುವಿನ ಬುಡಕ್ಕೆ ಗಾಳ ಸಿಕ್ಕಿಕೊಂಡಿತು, ಎಳೆದೆ, ತುದಿ ಲಟಕ್ ಅಂತು. 750 ರೂಪಾಯಿ ನೀರುಪಾಲು.

ಆಮೇಲೆ ಶಿವಮೊಗ್ಗಕ್ಕೆ ಹೋಗಿ ನೀವು ಹೇಳಿದ್ದನ್ನೇ ತಂದೆ. 1,650 ಆಯ್ತು. ಗ್ಲಾಸ್ ಫೈಬರ್, ಕಾರ್ಬನ್ ಎರಡೂ ಬೆರೆಸಿದ್ದು. ಬುಡದ ಹತ್ತಿರ 10ರಿಂದ 30 ಗ್ರಾಂ ಅಂತ ಬರೆದಿದೆ, ಅಂದರೆ ಅಷ್ಟು ತೂಕದ್ದನ್ನು ಇದರಿಂದ ಎಸೆಯಬಹುದು. ಮೀನಿಗೆ ಆಸೆ ತೋರಿಸೋ ನನ್ನ ರಬ್ಬರ್ ಕಪ್ಪೆ 12 ಗ್ರಾಂ, ಸರಿಹೋಯಿತು. ಅಂಗಡಿಯಲ್ಲೇ ದಾರ ಹಾಯೋ ಪ್ರತಿ ಉಂಗುರದೊಳಗೆ ಹತ್ತಿ ಆಡಿಸಿ ನೋಡಿದೆ. ಒಂದು ರಾಡಿನಲ್ಲಿ ಎಳೆ ಸಿಕ್ಕಿಕೊಂಡಿತು, ಅಂದರೆ ಒಳಗೆ ಬಿರುಕು, ದಾರ ಕೊಯ್ಯುತ್ತೆ. ಅದನ್ನು ಬಿಟ್ಟು ಬೇರೆ ತಗೊಂಡೆ. ದಾರ ಸುತ್ತೋ ರೀಲ್ ಮಾತ್ರ ಹಳೇ 2500 ಸೈಜಿನದ್ದೇ.

ಕೆರೆ ಗುತ್ತಿಗೆ ಹಿಡಿದವರನ್ನು ಕೇಳಿಯೇ ಇಳಿದೆ. ಭಾನುವಾರ ಬೆಳಿಗ್ಗೆ ಕಳೆ ಮೇಲೆ ಕಪ್ಪೆ ಕುಣಿಸುತ್ತಿದ್ದಾಗ ನೀರು ಬುಡುಕ್ ಅಂತು. ಸುಮಾರು ಒಂದು ಕೆಜಿ ಕೊರವ. ಅಮ್ಮ ಹುಳಿ ಹಾಕಿ ಸಾರು ಮಾಡಿದ್ರು.

ಅಂದಹಾಗೆ, ಚಿಪ್ಪಲಗುಡ್ಡೆ ಹತ್ತಿರ ತುಂಗೆಯಲ್ಲಿ ಗಾಳ ಹಾಕಬಹುದಾ ಅಂತ ಒಬ್ಬರು ಕೇಳಿದ್ರಿ. ಬೇಡ ಮಾರಾಯ್ರೆ, ಅದು ಮತ್ಸ್ಯಧಾಮ, ಅಲ್ಲಿ ಮೀನು ಹಿಡಿಯೋ ಹಾಗಿಲ್ಲ.