ಕಡ್ಡಾಯ ಸೇನೆ ಮಾಡಿದ್ರೆ ಖರ್ಚು ಉಳಿಯುತ್ತಾ?

ಸುರತ್ಕಲ್ ಹುಡುಗ: 2025-26ರ ರಕ್ಷಣಾ ಬಜೆಟ್ 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೇ 1.60 ಲಕ್ಷ ಕೋಟಿ. ಸಿಂಗಾಪುರದ ಹಾಗೆ ಹುಡುಗರನ್ನು ಎರಡು ವರ್ಷ ಕಡ್ಡಾಯವಾಗಿ ಸೇರಿಸಿಕೊಂಡರೆ ಪಿಂಚಣಿಯ ತಲೆಬಿಸಿಯೇ ಇಲ್ಲ. ಅಲ್ಲ ಅನ್ನುವವರು ಬನ್ನಿ ನೋಡುವ.

ಬಂಟ್ವಾಳ ಮಾಷ್ಟ್ರು: ಸಿಂಗಾಪುರವಾ? ಇಡೀ ದೇಶ ನಮ್ಮ ಉಡುಪಿ ಜಿಲ್ಲೆಯ ಕಾಲು ಭಾಗವೂ ಇಲ್ಲ ಮಾರಾಯ. ಇಲ್ಲಿ ವರ್ಷಕ್ಕೆ ಒಂದು ಕೋಟಿಗೂ ಜಾಸ್ತಿ ಹುಡುಗರು 18 ದಾಟುತ್ತಾರೆ. ಅವರಿಗೆ ಊಟ, ಬೂಟು, ಬ್ಯಾರಕ್ ಯಾರು ಕೊಡುವುದು? ಮತ್ತೆ, ಆ ಪಿಂಚಣಿ ಈಗಾಗಲೇ ನಿವೃತ್ತರಾದವರದ್ದು. ನಾಳೆ ಹುಡುಗರನ್ನು ಸೇರಿಸಿದ್ರೆ ಅದು ಕರಗುತ್ತಾ? ಪಾಕಿಸ್ತಾನ, ಬಾಂಗ್ಲಾ, ಶ್ರೀಲಂಕಾ ಯಾರಲ್ಲೂ ಕಡ್ಡಾಯ ಇಲ್ಲ.

ಸುರತ್ಕಲ್ ಹುಡುಗ: ಪಾಕಿಸ್ತಾನದಲ್ಲಿ ಇಲ್ಲ ಅಂದ್ರಲ್ಲ, ಅದಕ್ಕೇ ಅವರ ರಕ್ಷಣಾ ಬಜೆಟ್ 2025-26ರಲ್ಲಿ 2.55 ಲಕ್ಷ ಕೋಟಿ. ಒಂದೇ ವರ್ಷದಲ್ಲಿ ಸುಮಾರು ಶೇ. 20 ಏರಿಕೆ!

ಕುಂದಾಪುರ ಭಟ್ರು: ಅದು ಅವರ ರೂಪಾಯಿ. ನಮ್ಮದಕ್ಕೆ ತಂದರೆ ಮೂರನೇ ಒಂದು ಭಾಗವೂ ಬರುವುದಿಲ್ಲ. ಮೇಲಿಂದ ಮಿಲಿಟರಿ ಪಿಂಚಣಿಯನ್ನು ಅವರು ಆ ಲೆಕ್ಕದಲ್ಲಿ ತೋರಿಸುವುದೇ ಇಲ್ಲ. ಸುಮ್ನೆ ಅಂಕಿ ಎಸೆಯಬೇಡಿ.

ಕುವೈತ್ ಕಾಮತ್: ಇಲ್ಲಿ ಕುವೈತಿನಲ್ಲಿ ಕಡ್ಡಾಯ ಉಂಟು. ಯುಎಇಯಲ್ಲಿ 2014ರಿಂದ ಉಂಟು. ಎರಡೂ ಕಡೆ ದುಡ್ಡು ಉಳಿಸಲು ಮಾಡಿದ್ದಲ್ಲ. ಊರಲ್ಲಿ ಕಡ್ಡಾಯ ಬಂದ್ರೆ ಮೊದಲು ವೀಸಾ ಮಾಡಿಸುವವರು ನಮ್ಮವರೇ. ನಮ್ಮ ಕಡೆಯಿಂದ ಸೇನೆಗೆ ಯಾರು ಹೋಗ್ತಾರೆ?

ಸುಬೇದಾರ್ ಮಗಳು: ಯಾರು ಹೋಗ್ತಾರೆ ಅಂದ್ರಾ? ಕಾರ್ಕಳದ ನಮ್ಮ ಮನೆಯ ಅಟ್ಟದಲ್ಲಿ ಅಪ್ಪನ ಕರಿ ಟ್ರಂಕು ಇನ್ನೂ ಉಂಟು. ಹೆಸರು, ನಂಬರು ಬಿಳಿ ಪೇಂಟಿನಲ್ಲಿ ಬರೆದದ್ದು. ಬಂದು ಓದಿ ಹೋಗಿ.

ಕುವೈತ್ ಕಾಮತ್: ಅಕ್ಕ, ಒಂದು ಟ್ರಂಕಿನಿಂದ ಜಿಲ್ಲೆಯ ಲೆಕ್ಕ ಆಗುವುದಿಲ್ಲ. ಕೊಡಗಿನ ಹಾಗೆ ಉಂಟಾ ನಮ್ಮಲ್ಲಿ? ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಅಲ್ಲಿಯವರು. ನಮ್ಮಲ್ಲಿ ಹುಟ್ಟಿದ್ದು ಬ್ಯಾಂಕು.

ಕುಂದಾಪುರ ಭಟ್ರು: ಬ್ಯಾಂಕಿಗೆ ಎಂತ ಆಗಿದೆ? ನಾನು ಬ್ಯಾಂಕಿನವನೇ.

ಸುಬೇದಾರ್ ಮಗಳು: ಎಸಿ ರೂಮಲ್ಲಿ ಕೂತು ದಿನಾರ್ ಎಣಿಸುವವರು ಟ್ರಂಕಿನ ಬಗ್ಗೆ ಮಾತಾಡಬಾರದು.

ಕುವೈತ್ ಕಾಮತ್: ಎಸಿ ರೂಮಾ! ಜುಲೈಯಲ್ಲಿ ಇಲ್ಲಿನ ಸೈಟಿಗೆ ಒಮ್ಮೆ ಬನ್ನಿ. ಊರಿನ ಅರ್ಧ ಮನೆಗಳ ತಾರಸಿ ಎದ್ದದ್ದು ಆ ದಿನಾರ್‌ನಿಂದಲೇ.

ಬಂಟ್ವಾಳ ಮಾಷ್ಟ್ರು: ವಿಷಯಕ್ಕೆ ಬನ್ನಿ ಮಾರಾಯ್ರೆ. ಮ್ಯಾನ್ಮಾರ್ 2010ರ ಕಡ್ಡಾಯ ಕಾನೂನನ್ನು 2024ರ ಫೆಬ್ರವರಿಯಲ್ಲಿ ಜಾರಿಗೆ ತಂದಿತು. ಹುಡುಗರು ಥಾಯ್ಲೆಂಡಿಗೆ ಓಡಿದರು. ಪಿಂಚಣಿ ಉಳಿಸುವುದಕ್ಕಾದರೆ 2022ರಿಂದ ಸೇನಾ ಭರ್ತಿಗೆ ಅಗ್ನಿಪಥ್ ಯೋಜನೆ ಉಂಟಲ್ಲ. ನಾಲ್ಕು ವರ್ಷ, ಆಮೇಲೆ ಶೇ. 25 ಮಂದಿ ಮಾತ್ರ ಉಳಿಯಬಹುದು. ಉಳಿದವರಿಗೆ ಹೊರಡುವಾಗ ಒಮ್ಮೆಗೇ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ, ಪಿಂಚಣಿ ಇಲ್ಲ.

ಸುರತ್ಕಲ್ ಹುಡುಗ: ನಾಲ್ಕು ವರ್ಷಕ್ಕೇ ಉಳಿತಾಯ ಅಂದ್ರೆ ಎರಡು ವರ್ಷಕ್ಕೆ ಇನ್ನೂ ಜಾಸ್ತಿ. ನೀವೇ ಒಪ್ಪಿದ ಹಾಗಾಯ್ತು ಮಾಷ್ಟ್ರೇ.

ಬಂಟ್ವಾಳ ಮಾಷ್ಟ್ರು: ನಾನು ಎಲ್ಲಿ ಒಪ್ಪಿದೆ? ಒಂದು ಕೋಟಿ ಹುಡುಗರ ಊಟದ ಲೆಕ್ಕ ಮೊದಲು ಕೊಡು.

ಸುಬೇದಾರ್ ಮಗಳು: ಕಾಮತರೇ, ಕ್ಷಮೆ ಕೇಳ್ತೀರಾ ಇಲ್ವಾ?

ಕುವೈತ್ ಕಾಮತ್: ಡ್ಯೂಟಿಗೆ ಹೊರಟೆ. ರಾತ್ರಿ ಬಂದು ಉತ್ತರ ಕೊಡ್ತೇನೆ, ಭಟ್ರಿಗೂ ಸೇರಿಸಿ.